ರಾಜ್ಯವಾಳುವ ಆಟಗಳೂ ನಮ್ಮ ವಿದ್ಯಾವಂತರೂ

೧

ಗಣಕಯಂತ್ರದ ಮೇಲೆ ಆಡುವ ಆಟಗಳನ್ನು ಕುರಿತು ನಮ್ಮ ವಿದ್ಯಾವಂತರ ಮನೆಗಳಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಹಿರಿಯರದು ಒಂದು: ಆಟವೆಂದರೆ ಹೊತ್ತುಗಳೆಯುವ ಸಾಧನ, ಓದುವ ಮಕ್ಕಳನ್ನು ಅದು ಕೆಡಿಸತಕ್ಕದ್ದು, ಅದರಲ್ಲಿ ಉತ್ತಮ ಅಧಮಗಳೆಂಬ ವಿಭಾಗವೇ ಇಲ್ಲ. ಕಿರಿಯರದು ಇನ್ನೊಂದು: ರಾಜ್ಯಗಳನ್ನು ಕಟ್ಟಿ ಆಳುವ ಆಟಗಳಿಂದ ಚರಿತ್ರೆಯ ಜ್ಞಾನವು ತಾನಾಗಿಯೇ ಬರುತ್ತದೆ, ಪಠ್ಯಪುಸ್ತಕದಲ್ಲಿ ಒಣಗಿಹೋದ ಇತಿಹಾಸವು ಇಲ್ಲಿ ಚಿಗುರುತ್ತದೆ, ಇದನ್ನು ತಡೆಯುವವರು ವಿದ್ಯೆಯನ್ನೇ ತಡೆದಂತೆ. ಈ ಎರಡು ಪಕ್ಷಗಳೂ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಮೂಲದಲ್ಲಿ ಮಾಡುವ ತಪ್ಪು ಒಂದೇ. ಹಿರಿಯರು ಆಟವನ್ನು ಓದದೆಯೇ ತಳ್ಳಿಹಾಕುತ್ತಾರೆ. ಕಿರಿಯರು ಓದದೆಯೇ ನಂಬುತ್ತಾರೆ.

ಆಟವನ್ನು ಓದುವುದೆಂದರೇನು ಎಂದು ವಾಚಕರು ಕೇಳಬಹುದು. ನಾವು ಹೇಳಹೊರಟಿರುವುದು ಅದನ್ನೇ. ರಾಜ್ಯಭಾರವನ್ನು ವಸ್ತುವಾಗಿ ಉಳ್ಳ ದೊಡ್ಡ ಆಟವೊಂದು ಅದರ ನಿಯಮಗಳ ರೂಪದಲ್ಲಿ ಬರೆದ ಒಂದು ಗ್ರಂಥ. ಅದಕ್ಕೆ ಕರ್ತೃವುಂಟು, ಮತವುಂಟು, ಪಕ್ಷಪಾತವೂ ಉಂಟು. ಅದನ್ನು ಚೆನ್ನಾಗಿ ಕಲಿಯುವುದೆಂದರೆ ಆ ಮತವು ಯಾವುದೆಂದು ಕಂಡುಹಿಡಿಯುವವರೆಗೂ ಕಲಿಯುವುದು. ಅಲ್ಲಿಯವರೆಗೆ ಹೋಗದ ಕಲಿಕೆಯು ಹಿರಿಯರ ತಿರಸ್ಕಾರಕ್ಕೆ ಅರ್ಹವೇ ಸರಿ. ಅಲ್ಲಿಯವರೆಗೆ ಹೋದ ಕಲಿಕೆಯನ್ನು ತಿರಸ್ಕರಿಸುವುದು ಮಾತ್ರ ಅವಿಚಾರ.

೨

ನಾವು ಯಾವ ಆಟಗಳ ವಿಚಾರವನ್ನು ಎತ್ತಿಕೊಂಡಿದ್ದೇವೆಂಬುದನ್ನು ಮೊದಲು ಸ್ಪಷ್ಟಪಡಿಸುವುದು ಯುಕ್ತ. ಬೆರಳಿನ ಚುರುಕನ್ನೇ ಬಂಡವಾಳವಾಗಿ ಉಳ್ಳ ಓಟದ ಆಟ, ಗುಂಡಿನ ಆಟಗಳು ನಮ್ಮ ವಿಷಯವಲ್ಲ. ಒಂದು ರಾಜ್ಯವನ್ನೋ ಒಂದು ವಂಶವನ್ನೋ ಆಡುವವನ ಕೈಗೆ ಕೊಟ್ಟು, ಅದರ ಬೊಕ್ಕಸ, ಸೈನ್ಯ, ಸಂಧಿ, ವಿವಾಹ, ವ್ಯಾಪಾರ, ಮತಾಚಾರಗಳನ್ನೆಲ್ಲ ತಲೆಮಾರುಗಳವರೆಗೆ ನಡೆಸಿಕೊಂಡು ಹೋಗಬೇಕೆಂದು ವಿಧಿಸುವ ಆಟಗಳಿವೆ. ಅವನ್ನು ಆಡಲು ಕಲಿಯುವುದಕ್ಕೇ ವಾರಗಳು ಹಿಡಿಯುತ್ತವೆ. ಅಂಥವುಗಳ ಮಾತು ಇದು.

ಇವುಗಳ ವಂಶ ಹಳೆಯದು. ಚತುರಂಗವು ಹುಟ್ಟಿದ್ದು ಭರತಖಂಡದಲ್ಲಿ. ಆನೆ, ಕುದುರೆ, ರಥ, ಪದಾತಿಗಳೆಂಬ ಸೇನೆಯ ನಾಲ್ಕು ಅಂಗಗಳಿಂದಲೇ ಅದಕ್ಕೆ ಆ ಹೆಸರು. ಪ್ರಷ್ಯ ದೇಶದಲ್ಲಿ ರೈಸ್‌ವಿಟ್ಸ್ ಎಂಬ ಮನೆತನದ ತಂದೆಯು ೧೮೧೨ರಲ್ಲಿ ಯುದ್ಧದಾಟವೊಂದನ್ನು ತನ್ನ ದೊರೆಗೆ ಒಪ್ಪಿಸಿದನು. ಸೇನಾಧಿಕಾರಿಯಾಗಿದ್ದ ಮಗನು ೧೮೨೪ರಲ್ಲಿ ಅದನ್ನು ತಿದ್ದಿ ನಿಯಮಗಳನ್ನು ಅಚ್ಚುಹಾಕಿಸಿದನು. ನಕ್ಷೆಯ ಮೇಲೆ ಇಬ್ಬರು ಸೇನಾನಿಗಳು ದಂಡುಗಳನ್ನು ನಡೆಸುವರು. ನಡುವೆ ಮಧ್ಯಸ್ಥನೊಬ್ಬನು ಕುಳಿತು ಫಲವನ್ನು ತೀರ್ಮಾನಿಸುವನು. ಮುಂದೆ ೧೮೭೬ರಲ್ಲಿ ವೆರ್ದಿ ದು ವೆರ್ನ್ವಾ ಎಂಬ ಸೇನಾಧಿಕಾರಿಯು, ನಿಯಮಗಳ ಹೊರೆಯು ಹೆಚ್ಚಾಯಿತು, ಅನುಭವಿಯಾದ ಮಧ್ಯಸ್ಥನ ವಿವೇಕಕ್ಕೇ ತೀರ್ಪನ್ನು ಬಿಡುವುದು ಮೇಲೆಂದು ವಾದಿಸಿದನು. ಈ ವಾದವನ್ನು ವಾಚಕರು ನೆನಪಿನಲ್ಲಿಟ್ಟಿರಲಿ, ಮುಂದೆ ಬೇಕಾಗುತ್ತದೆ.

ಅಮೆರಿಕದ ಸಿಡ್ ಮೈಯರ್ ಎಂಬಾತನ 'ಸಿವಿಲೈಜೇಷನ್' ೧೯೯೧ರಲ್ಲಿ ಬಂದಿತು. ಫ್ರೆಂಚ್ ದೇಶದಲ್ಲಿ ಹಲಗೆಯ ಆಟವಾಗಿದ್ದ 'ಯುರೋಪಾ ಯುನಿವರ್ಸಾಲಿಸ್' ೨೦೦೦ದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಗಣಕಯಂತ್ರಕ್ಕೆ ಇಳಿದು, ೨೦೧೩ರಲ್ಲಿ ನಾಲ್ಕನೆಯ ಆವೃತ್ತಿಯನ್ನು ಕಂಡಿತು. ರಾಜವಂಶಗಳನ್ನು ಕುರಿತ 'ಕ್ರುಸೇಡರ್ ಕಿಂಗ್ಸ್' ಎಂಬುದರ ಮೂರನೆಯ ಆವೃತ್ತಿಯು ೨೦೨೦ರದು. ಪುರಾಣಗಳನ್ನು ಆಧರಿಸಿದ ಕಲ್ಪಿತ ಲೋಕದ ಆಟಗಳಲ್ಲಿ ಸ್ವೀಡನ್ನಿನ ಇಬ್ಬರು ಸೇರಿ ರಚಿಸಿದ 'ಡೊಮಿನಿಯನ್ಸ್' ಅತಿ ಕಠಿಣವಾದವುಗಳಲ್ಲೊಂದು. ಅದರ ಕೈಪಿಡಿಯು ನೂರಾರು ಪುಟಗಳ ಗ್ರಂಥ.

೩

ಹಿರಿಯರ ಪಕ್ಷವನ್ನು ಮೊದಲು ವಿಚಾರಿಸೋಣ. ಅವರ ಬಾಯಲ್ಲಿ ಸಿದ್ಧವಾಗಿರುವ ದೃಷ್ಟಾಂತವು ಧರ್ಮರಾಯನದು. ಪಗಡೆಯಿಂದಲ್ಲವೆ ಪಾಂಡವರು ಕಾಡು ಸೇರಿದ್ದು? ಅಹುದು, ಆದರೆ ಅಲ್ಲಿ ಕೆಡಿಸಿದ್ದು ಪಣ. ದ್ಯೂತವನ್ನೂ ಕ್ರೀಡೆಯನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ನ್ಯಾಯವಲ್ಲ. ಭಾರತ ಸರಕಾರವು ೨೦೨೫ರಲ್ಲಿ ಮಾಡಿದ ಕಾಯಿದೆಯೂ ಇದೇ ಭೇದವನ್ನು ಎಣಿಸಿ, ಹಣವನ್ನು ಒಡ್ಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿ ಉಳಿದವನ್ನು ಬೇರೆಯಾಗಿ ಇಟ್ಟಿದೆ. ಇನ್ನು ಆಟವು ದೊಡ್ಡವರ ಗಮನಕ್ಕೆ ಯೋಗ್ಯವಲ್ಲವೆಂಬ ಮಾತು ಮೈಸೂರು ಸೀಮೆಯಲ್ಲಿ ಹುಟ್ಟಿದವರ ಬಾಯಲ್ಲಿ ಬರಬಾರದು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಸಮಸ್ಯೆಗಳನ್ನು ರಚಿಸಿದವರು, ಹೊಸ ಹಲಗೆಯಾಟಗಳನ್ನೂ ಗಂಜೀಫಾ ಎಲೆಗಳ ಕಟ್ಟುಗಳನ್ನೂ ಕಲ್ಪಿಸಿದವರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬುದು ಆಟಗಳಿಗೆಂದೇ ಮೀಸಲಾದದ್ದು. ದೇವತಾಮೂರ್ತಿಗಳ ಧ್ಯಾನಶ್ಲೋಕಗಳನ್ನು ಕೂಡಿಸಿದ ಗ್ರಂಥದಲ್ಲಿಯೇ ಆಟಗಳಿಗೂ ಸ್ಥಾನವನ್ನು ಕೊಟ್ಟ ಅರಸನಿಗೆ ತಾರತಮ್ಯವು ತಿಳಿಯದೆ ಇದ್ದೀತೆ?

ಕಾಲಹರಣದ ಆಕ್ಷೇಪಣೆಗೆ ಮಾತ್ರ ತೂಕವುಂಟು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಆಟದ ಗೀಳಿಗೂ ಒಂದು ಹೆಸರನ್ನು ಕೊಟ್ಟಿದೆ. ಊಟ, ನಿದ್ರೆ, ಪಾಠಗಳನ್ನು ಬಿಟ್ಟು ಆಡುವವನಿಗೆ ವೈದ್ಯನು ಬೇಕು. ಅವನ ಪರವಾಗಿ ನಾವು ವಕಾಲತ್ತು ವಹಿಸುವುದಿಲ್ಲ. ಆದರೆ ಅಳತೆ ಮೀರಿದರೆ ಎಂಬ ಕಾರಣದಿಂದ ವಸ್ತುವನ್ನೇ ಹಳಿಯುವುದಾದರೆ, ಹಿಂದೊಮ್ಮೆ ಕಾದಂಬರಿಗಳನ್ನು ಕದ್ದು ಓದಬೇಕಾಗಿದ್ದ ಮನೆಗಳಲ್ಲಿ ಈಗ ಕಾದಂಬರಿಗಳ ಕಪಾಟುಗಳು ಹೇಗೆ ನಿಂತಿವೆ? ಕಾಲವು ಬದಲಾಯಿತೆಂದು ಅಲ್ಲ. ಒಳ್ಳೆಯ ಕಾದಂಬರಿ ಯಾವುದು, ಕೆಟ್ಟದ್ದು ಯಾವುದು ಎಂದು ವಿಂಗಡಿಸುವ ಶ್ರಮವನ್ನು ಯಾರೋ ಕೆಲವರು ತೆಗೆದುಕೊಂಡರು. ಆ ಶ್ರಮವನ್ನೇ ನಾವು ಆಟಗಳ ವಿಷಯದಲ್ಲಿಯೂ ಬೇಡುತ್ತಿದ್ದೇವೆ.

೪

ಹಾಗಾದರೆ ಈ ಕಲಿಕೆಯು ನಡೆಯುವ ಬಗೆ ಹೇಗೆ? ಒಂದೆರಡು ನಿದರ್ಶನಗಳನ್ನು ಕೊಡುವೆವು.

'ಕ್ರುಸೇಡರ್ ಕಿಂಗ್ಸ್' ಕಲಿಯುವವನನ್ನು ಮೊದಲು ೧೦೬೬ರ ಐರ್ಲೆಂಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ಮನ್‌ಸ್ಟರ್ ಎಂಬ ಚಿಕ್ಕ ನಾಡಿನ ದೊರೆಯಾಗಿ ಅವನು ಆರಂಭಿಸುತ್ತಾನೆ. ನೆರೆಯ ನಾಡುಗಳು ಸಣ್ಣವು, ಒಡಕಿನವು. ಹತ್ತಿಪ್ಪತ್ತು ವರ್ಷಗಳಲ್ಲಿ ಅರ್ಧ ದ್ವೀಪವು ಕೈವಶವಾಗುತ್ತದೆ. ಹುಡುಗನು ತಾನು ಕಲಿತೆನೆಂದು ಬೀಗುತ್ತಾನೆ. ಅಷ್ಟರಲ್ಲಿ ದೊರೆಯು ಸಾಯುತ್ತಾನೆ. ಮೂವರು ಗಂಡುಮಕ್ಕಳು, ಆ ಕಾಲದ ದಾಯಕ್ರಮದಂತೆ ರಾಜ್ಯವು ಪಾಲಾಗುತ್ತದೆ. ಕತ್ತಿಯಿಂದ ಗಳಿಸಿದ್ದು ಒಂದೇ ದಿನದಲ್ಲಿ ಮೂರು ತುಂಡಾಗಿ, ಅಣ್ಣತಮ್ಮಂದಿರೇ ಹಗೆಗಳಾಗಿ ನಿಲ್ಲುತ್ತಾರೆ. ಹಿಸ್ಸೆಯ ಪತ್ರಗಳನ್ನೂ ಅದರಿಂದ ಹುಟ್ಟಿದ ಮೊಕದ್ದಮೆಗಳನ್ನೂ ಕಂಡ ನಮ್ಮ ಮನೆಗಳಿಗೆ ಈ ಪಾಠವನ್ನು ವಿವರಿಸಬೇಕಾಗಿಲ್ಲ. ಹುಡುಗನಿಗೆ ಮಾತ್ರ ಅದು ಹೊಸದು. ಆ ಯುಗದಲ್ಲಿ ರಾಜ್ಯವೆಂಬುದು ಒಂದು ಕುಟುಂಬದ ಆಸ್ತಿಯಾಗಿತ್ತು. ವಿವಾಹವೇ ಸಂಧಿ, ಮರಣವೇ ರಾಜ್ಯಕ್ರಾಂತಿ ಎಂಬುದನ್ನು ಅವನು ಒಂದು ವಾಕ್ಯವಾಗಿ ಓದಿದ್ದರೆ ಮರೆಯುತ್ತಿದ್ದನು. ಪಾಲಾದ ಮೇಲೆ ಮರೆಯಲಾರನು. ಎರಡನೆಯ ಸಾರಿ ಆಡುವಾಗ ಅವನು ದಂಡಿಗಿಂತ ಮೊದಲು ಮಕ್ಕಳನ್ನು ಎಣಿಸುತ್ತಾನೆ.

ಇನ್ನೊಂದು ನಿದರ್ಶನ 'ಯುರೋಪಾ ಯುನಿವರ್ಸಾಲಿಸ್'ನ ನಾಲ್ಕನೆಯ ಆವೃತ್ತಿಯದು. ಅಲ್ಲಿ ನೆರೆಯವನ ನೆಲವನ್ನು ಕಿತ್ತುಕೊಂಡಷ್ಟೂ ಸುತ್ತಲ ದೊರೆಗಳ ಮನಸ್ಸಿನಲ್ಲಿ ಮುನಿಸು ಅಂಕೆಯಾಗಿ ಬೆಳೆಯುತ್ತದೆ. ಅದು ಐವತ್ತನ್ನು ಮುಟ್ಟಿತೆಂದರೆ ಅವರೆಲ್ಲರೂ ಕೂಡಿ ಒಕ್ಕೂಟವನ್ನು ಕಟ್ಟಿಕೊಂಡು ಮೇಲೆ ಬೀಳಬಹುದು. ವರ್ಷಗಳು ಕಳೆದಂತೆ ಮುನಿಸು ಇಳಿಯುತ್ತದೆ. ಆದುದರಿಂದ ಜಯಿಸಿದವನು ಎಲ್ಲವನ್ನೂ ಕೇಳದೆ ಸ್ವಲ್ಪವನ್ನು ಪಡೆದು ಕಾದುಕೊಂಡಿರುವುದನ್ನು ಕಲಿಯಬೇಕು. ಇದನ್ನು ಆಡಿದವರಿಗೆ ಕೌಟಿಲ್ಯನ ರಾಜಮಂಡಲವು ಹೊಸ ಬೆಳಕಿನಲ್ಲಿ ಕಾಣುತ್ತದೆ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವವೆಂಬ ಷಾಡ್ಗುಣ್ಯವು ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ. ಯಾವಾಗ ಕುಳಿತಿರಬೇಕು, ಯಾವಾಗ ಹೊರಡಬೇಕು, ಯಾವಾಗ ಬಲಿಷ್ಠನೊಬ್ಬನ ಆಶ್ರಯವನ್ನು ಹೊಂದಬೇಕು ಎಂಬ ಜೀವಂತ ಪ್ರಶ್ನೆಗಳಾಗುತ್ತವೆ. ಆ ಅರ್ಥಶಾಸ್ತ್ರವು ಲೋಕಕ್ಕೆ ಮತ್ತೆ ದೊರೆತದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಯಿಂದ, ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾದವು. ನೂರು ವರ್ಷಗಳಿಗೂ ಮಿಕ್ಕಿ ಅದು ನಮ್ಮ ಕಪಾಟಿನಲ್ಲಿದೆ. ಅದನ್ನು ತೆರೆದು ನೋಡಲು ಒಂದು ಆಟವು ಮಗನಿಗೋ ಮಗಳಿಗೋ ಕಾರಣವಾದರೆ, ಆ ಆಟವನ್ನು ಶಪಿಸುವುದು ಯಾವ ನ್ಯಾಯ?

೫

ಆದರೆ ಕಿರಿಯರು ಈ ಮಾತಿಗೆ ಹಿಗ್ಗಬೇಕಾಗಿಲ್ಲ. ಮೇಲೆ ಹೇಳಿದ ಲಾಭವು ಸೋತು ಕಲಿತವನಿಗೆ ಮಾತ್ರ. ಬಹುಮಂದಿ ಸೋಲುವುದೇ ಇಲ್ಲ. ಅದು ಹೇಗೆಂದರೆ, ಯುದ್ಧವು ಕೈತಪ್ಪುವಂತಿದ್ದರೆ ಮೊದಲೇ ಉಳಿಸಿಕೊಂಡ ಸ್ಥಿತಿಗೆ ಹಿಂದಿರುಗಿ ಮತ್ತೊಮ್ಮೆ ಆಡುತ್ತಾರೆ. ಫಲವು ಒಪ್ಪಿಗೆಯಾಗುವವರೆಗೂ ಕಾಲವನ್ನು ಹಿಂದಕ್ಕೆ ತಿರುಗಿಸುತ್ತಾರೆ. ಹೀಗೆ ಮಾಡಲು ಬಿಡದ ಒಂದು ಕಟ್ಟುಪಾಡನ್ನು ಆಟಗಾರರು 'ಐರನ್‌ಮ್ಯಾನ್' ಎಂಬ ಹೆಸರಿನಿಂದ ಕರೆಯುವರು. ಅದನ್ನು ತಾವಾಗಿ ಒಪ್ಪಿಕೊಂಡು ಆಡುವವರೂ ಇದ್ದಾರೆ. ಅವರು ಕಲಿಯುತ್ತಾರೆ. ಉಳಿದವರು ತಮ್ಮ ತಪ್ಪಿನ ಗುರುತನ್ನೇ ಅಳಿಸಿಹಾಕಿ, ತಪ್ಪು ಏಕಾಯಿತೆಂದು ತಿಳಿಯುವ ಅವಕಾಶವನ್ನೂ ಅದರೊಡನೆ ಅಳಿಸುತ್ತಾರೆ.

ಇದಕ್ಕಿಂತ ಕೆಟ್ಟದ್ದು ಗೈಡುಗಳ ಹಾವಳಿ. ಪಠ್ಯವನ್ನು ಮುಟ್ಟದೆ ಗೈಡನ್ನು ಉರುಹೊಡೆದು ಪರೀಕ್ಷೆಯನ್ನು ದಾಟುವ ವಿದ್ಯಾರ್ಥಿಯನ್ನು ನಾವೆಲ್ಲರೂ ಬಲ್ಲೆವು. ಆಟದಲ್ಲಿಯೂ ಅದೇ ಬಗೆ. ಮೊದಲ ವರ್ಷ ಯಾರೊಡನೆ ಸಂಧಿ, ಎರಡನೆಯ ವರ್ಷ ಯಾರ ಮೇಲೆ ದಂಡು, ಯಾವ ಕಟ್ಟಡ ಮೊದಲು ಎಂಬುದನ್ನೆಲ್ಲ ಯಾರೋ ಚಿತ್ರಸಹಿತ ಹೇಳಿಕೊಟ್ಟಿರುವ ಸೂತ್ರವನ್ನು ಅನುಸರಿಸಿ ಗೆದ್ದವನಿಗೆ ಗೆಲವಿನ ಕಾರಣವು ತಿಳಿಯದು. ಬಾಣಸಿಗನು ಹೇಳಿದಷ್ಟೇ ಉಪ್ಪು ಹಾಕಿದವನು ಅಡಿಗೆಯನ್ನು ಕಲಿತನೆನ್ನುವೆವೆ? ಕೈಪಿಡಿಯನ್ನು ಓದುವುದು, ಬಲ್ಲವರನ್ನು ಕೇಳುವುದು ತಪ್ಪಲ್ಲ. ಕೇಳಿದ್ದನ್ನು ಪರೀಕ್ಷಿಸದೆ ಇರುವುದು ತಪ್ಪು.

ಪರೀಕ್ಷಿಸದ ಮಾತು ಹೇಗೆ ಶಾಸ್ತ್ರವಾಗಿಬಿಡುತ್ತದೆಂಬುದಕ್ಕೆ ಗಾಂಧೀಜಿಯವರ ಕಥೆಯೇ ಸಾಕು. 'ಸಿವಿಲೈಜೇಷನ್' ಆಟದಲ್ಲಿ ಭಾರತದ ಅಧಿಪತಿಯಾಗಿ ಗಾಂಧಿಯವರನ್ನು ಇಟ್ಟಿದ್ದಾರೆ. ೧೯೯೧ರ ಮೊದಲ ಆಟದಲ್ಲಿ ಅವರ ಆಕ್ರಮಣಬುದ್ಧಿಯ ಅಂಕೆಯು ಒಂದಾಗಿತ್ತೆಂದೂ, ಪ್ರಜಾಪ್ರಭುತ್ವವು ಬಂದೊಡನೆ ಅದರಿಂದ ಎರಡನ್ನು ಕಳೆಯಲು ಯಂತ್ರದ ಲೆಕ್ಕ ತಪ್ಪಿ ಅದು ೨೫೫ ಆಯಿತೆಂದೂ, ಅದರಿಂದ ಗಾಂಧಿಯವರು ಎಲ್ಲರ ಮೇಲೂ ಅಣುಬಾಂಬನ್ನು ಎಸೆಯುತ್ತಿದ್ದರೆಂದೂ ಒಂದು ಕಥೆಯು ಬಹುಕಾಲ ಲೋಕದಲ್ಲೆಲ್ಲ ಹಬ್ಬಿತ್ತು. ೨೦೨೦ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ಮೈಯರನು ಅಂಥ ದೋಷವೇ ಇರಲಿಲ್ಲವೆಂದು ಬರೆದನು. ವಿಚಿತ್ರವೇನೆಂದರೆ, ೨೦೧೦ರ ಐದನೆಯ ಆವೃತ್ತಿಯಲ್ಲಿ ಗಾಂಧಿಯವರಿಗೆ ಅಣ್ವಸ್ತ್ರದ ಒಲವನ್ನು ಬೇಕೆಂದೇ ಹೆಚ್ಚಾಗಿ ಕೊಡಲಾಗಿತ್ತು. ಹಾಸ್ಯಕ್ಕಾಗಿ ಮಾಡಿದ ಆ ಕೃತ್ಯವನ್ನು ಕಂಡವರು ಹಳೆಯ ಕಥೆಯನ್ನೂ ನಿಜವೆಂದು ನಂಬಿದರು. ಅಹಿಂಸೆಯ ಪುರುಷನೊಬ್ಬನು ಅಂಕೆಯೊಂದರ ದೆಸೆಯಿಂದ ನಗೆಯ ವಸ್ತುವಾದನು. ನಕ್ಕವರಲ್ಲಿ ಭಾರತದ ಹುಡುಗರೂ ಇದ್ದರು. ನಗಬಾರದೆಂದು ನಾವು ಹೇಳುವುದಿಲ್ಲ. ಆ ಅಂಕೆಯನ್ನು ಬರೆದವರು ಯಾರು, ಏಕೆ ಬರೆದರು ಎಂದು ಕೇಳಿ ಆಮೇಲೆ ನಗಲಿ.

೬

ಈಗ ಪ್ರಕೃತದ ಹೃದಯಕ್ಕೆ ಬರೋಣ. ಆಟದಿಂದ ಚರಿತ್ರೆಯು ತಾನಾಗಿಯೇ ಬರುತ್ತದೆಯೆ?

'ಯುರೋಪಾ ಯುನಿವರ್ಸಾಲಿಸ್'ನ ನಾಲ್ಕನೆಯ ಆವೃತ್ತಿಯು ೧೪೪೪ನೆಯ ನವೆಂಬರ್ ೧೧ರಂದು ಆರಂಭವಾಗುತ್ತದೆ. ಆ ದಿನವೇ ಏಕೆ? ಅದರ ಹಿಂದಿನ ದಿನ ವಾರ್ನಾ ಎಂಬಲ್ಲಿ ತುರುಕರ ಸುಲ್ತಾನನಾದ ಎರಡನೆಯ ಮುರಾದನು ಕ್ರೈಸ್ತ ಸೇನೆಯನ್ನು ಮುರಿದನು. ಪೋಲೆಂಡ್ ಹಂಗೆರಿಗಳ ಅರಸನು ರಣದಲ್ಲಿ ಮಡಿದನು. ಯೂರೋಪಿನವರಿಗೆ ಅದು ಯುಗದ ಹೊಸಿಲು. ವಿಜಯನಗರದಲ್ಲಿ ಆ ದಿನ ವಿಶೇಷವೇನೂ ಇಲ್ಲ, ಪ್ರೌಢದೇವರಾಯನು ಆಳುತ್ತಿದ್ದನು, ಹಿಂದಿನ ವರ್ಷವಷ್ಟೆ ಪಾರಸಿಕ ರಾಯಭಾರಿಯಾದ ಅಬ್ದುಲ್ ರಜಾಕನು ಬಂದು ಪಟ್ಟಣವನ್ನು ನೋಡಿ ಬೆರಗಾಗಿದ್ದನು. ಆಟದಲ್ಲಿ ವಿಜಯನಗರವನ್ನೂ ಆರಿಸಿಕೊಳ್ಳಬಹುದು. ಆದರೆ ಕಾಲದ ಗಡಿಯಾರವನ್ನು ನಿಲ್ಲಿಸಿದವರು ಬೇರೆಯವರು.

ಪ್ರತಿ ಅರಸನ ಯೋಗ್ಯತೆಯನ್ನೂ ಅಲ್ಲಿ ಮೂರು ಅಂಕೆಗಳಿಂದ ಅಳೆಯುತ್ತಾರೆ: ಆಡಳಿತಕ್ಕೆ ಒಂದು, ರಾಯಭಾರಕ್ಕೆ ಒಂದು, ಯುದ್ಧಕ್ಕೆ ಒಂದು, ಪ್ರತಿಯೊಂದೂ ಸೊನ್ನೆಯಿಂದ ಆರರವರೆಗೆ. ಪ್ರೌಢದೇವರಾಯನ ಆಸ್ಥಾನದಲ್ಲಿ ಚಾಮರಸನಿದ್ದನು; ಅವನ ದಂಡನಾಯಕನಾದ ಲಕ್ಕಣ್ಣದಂಡೇಶನು ಸ್ವತಃ ಗ್ರಂಥಕರ್ತನಾಗಿದ್ದನು. ಇದು ಯಾವ ಅಂಕೆಯಲ್ಲಿ ಸೇರಬೇಕು? ಆಟದಲ್ಲಿ ಇಷ್ಟೆಲ್ಲವನ್ನೂ ತುಂಬಲಾಗದೆಂಬುದು ದಿಟ. ಯಾವುದನ್ನು ಬಿಡಬೇಕೆಂಬ ನಿರ್ಧಾರವೇ ಮತವೆನ್ನುವುದು ನಮ್ಮ ವಾದ.

ವ್ಯಾಪಾರದ ನಿಯಮವು ಇನ್ನೂ ಸ್ಪಷ್ಟ. ಆ ಆವೃತ್ತಿಯಲ್ಲಿ ಲೋಕದ ವ್ಯಾಪಾರವೆಲ್ಲ ಕಾಲುವೆಗಳಲ್ಲಿ ನೀರು ಹರಿದಂತೆ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹರಿಯುತ್ತದೆ. ಹರಿಯುವ ದಿಕ್ಕು ಮೊದಲೇ ಗೊತ್ತಾದದ್ದು. ನಮ್ಮ ಕರಾವಳಿಯ ಐಶ್ವರ್ಯವು ಆಡೆನ್, ಹೊರ್ಮುಜ್, ಆಫ್ರಿಕದ ತೀರಗಳ ಮಾರ್ಗವಾಗಿ ಪಡುವಣಕ್ಕೆ ಸಾಗಿ, ಕಟ್ಟಕಡೆಗೆ ವೆನಿಸ್, ಜಿನೋವಾ, ಇಂಗ್ಲಿಷ್ ಕಡಲ್ಗಾಲುವೆ ಎಂಬ ಮೂರು ಮಡುಗಳಲ್ಲಿ ನಿಲ್ಲುತ್ತದೆ. ವಿಜಯನಗರವನ್ನು ಹಿಡಿದು ಆಡುವವನು ಭೂಮಂಡಲವನ್ನೆಲ್ಲ ಗೆದ್ದರೂ ಈ ಹರಿವನ್ನು ಹಂಪೆಯತ್ತ ತಿರುಗಿಸಲಾರನು. ನಿಜವಾದ ಚರಿತ್ರೆಯಲ್ಲಾದರೋ ಮೆಣಸಿಗೂ ಬಟ್ಟೆಗೂ ಪ್ರತಿಯಾಗಿ ಪಡುವಣದ ಬೆಳ್ಳಿಯು ಶತಮಾನಗಳವರೆಗೆ ನಮ್ಮ ರೇವುಗಳಿಗೆ ಬಂದು ಬಿದ್ದಿತು. ಅರಬ್ಬರ ಕುದುರೆಗಳು ಹಡಗುಹಡಗಾಗಿ ಇಳಿದವು. ಯೂರೋಪು ಕೊನೆಗೆ ಮೇಲುಗೈಯಾದದ್ದು ಒಂದು ಫಲ. ಅದಕ್ಕೆ ಕಾರಣಗಳುಂಟು, ಕಾರಣಗಳ ವಿಷಯದಲ್ಲಿ ವಿದ್ವಾಂಸರಲ್ಲಿ ವಿವಾದವುಂಟು. ಆಟವು ಆ ಫಲವನ್ನೇ ನೆಲದ ಇಳಿಜಾರನ್ನಾಗಿ ಮಾಡಿ, ಕಾರಣವನ್ನು ಕೇಳುವ ಅಗತ್ಯವನ್ನೇ ಇಲ್ಲವಾಗಿಸಿತು. ಇದನ್ನು ಐನೂರು ಗಂಟೆ ಆಡಿ, ಒಂದು ಸಾರಿಯೂ ಪ್ರಶ್ನಿಸದ ತರುಣನು ಚರಿತ್ರೆಯನ್ನು ಕಲಿತನೆ? ಚರಿತ್ರೆಯು ಹಾಗಾಗದೆ ಬೇರೆಯಾಗಿ ಆಗುವಂತಿರಲಿಲ್ಲವೆಂಬ ಒಂದು ನಂಬಿಕೆಯನ್ನು, ಅದು ನಂಬಿಕೆಯೆಂದು ತಿಳಿಯದೆಯೇ, ಮೈಗೂಡಿಸಿಕೊಂಡನು.

ನಿಯಮಗಳು ಮತಗಳೇ ಎಂಬುದಕ್ಕೆ ಅವುಗಳ ಕರ್ತೃಗಳೇ ಸಾಕ್ಷಿ. ೨೦೧೩ರಲ್ಲಿ ಆಟವು ಬಂದಾಗ ಏಷ್ಯದ ರಾಜ್ಯಗಳಿಗೆ ವಿದ್ಯೆಯ ಬೆಲೆಯು ಹುಟ್ಟಿನಿಂದಲೇ ಹೆಚ್ಚು. ಅದನ್ನು ನೀಗಿಕೊಳ್ಳಬೇಕಾದರೆ 'ಪಾಶ್ಚಾತ್ಯೀಕರಣ'ವೆಂಬ ಕಷ್ಟದ ಹಾದಿಯನ್ನು ಹಿಡಿಯಬೇಕಾಗಿತ್ತು. ೨೦೧೬ರಲ್ಲಿ ಅವರೇ ಅದನ್ನು ತೆಗೆದುಹಾಕಿ, ಮುದ್ರಣಯಂತ್ರವೇ ಮೊದಲಾದ ಸಂಸ್ಥೆಗಳು ಒಂದೆಡೆ ಹುಟ್ಟಿ ಲೋಕದಲ್ಲಿ ಹರಡುವವೆಂಬ ಬೇರೆ ಕ್ರಮವನ್ನು ತಂದರು. ೨೦೨೫ರ ನವೆಂಬರಿನಲ್ಲಿ ಹೊರಬಂದ ಐದನೆಯ ಆವೃತ್ತಿಯು ಕಾಲವನ್ನು ೧೩೩೭ಕ್ಕೆ ಹಿಂದೊಯ್ದಿದೆ; ವಿಜಯನಗರದ ಸ್ಥಾಪನೆಗೆ ಸಂಪ್ರದಾಯವು ಹೇಳುವ ವರ್ಷ ೧೩೩೬. ವ್ಯಾಪಾರದ ಆ ಕಟ್ಟುಕಾಲುವೆಗಳನ್ನೂ ಅದರಲ್ಲಿ ಕೈಬಿಟ್ಟಿದ್ದಾರೆ. ಪುಸ್ತಕದ ಹೊಸ ಮುದ್ರಣದಲ್ಲಿ ಗ್ರಂಥಕರ್ತನು ಅಭಿಪ್ರಾಯವನ್ನು ತಿದ್ದಿಕೊಂಡಂತೆ ಇದು. ಕರ್ತೃವೇ ತಿದ್ದಿಕೊಳ್ಳುವುದನ್ನು ಓದುಗನು ವೇದವಾಕ್ಯವೆಂದು ಹಿಡಿಯಬೇಕೆ?

ಪ್ರಷ್ಯದ ಮಧ್ಯಸ್ಥನನ್ನು ಇಲ್ಲಿ ನೆನೆಯಬೇಕು. ಅವನ ತೀರ್ಪು ಒಪ್ಪಿಗೆಯಾಗದಿದ್ದರೆ ಸೇನಾನಿಯು ಎದ್ದು ನಿಂತು ಏಕೆಂದು ಕೇಳಬಹುದಾಗಿತ್ತು. ಗಣಕಯಂತ್ರವು ಕುಳಿತ ಮಧ್ಯಸ್ಥಪೀಠಕ್ಕೆ ಕಿವಿಯಿಲ್ಲ. ಅದು ಲೆಕ್ಕವನ್ನು ಒಳಗೇ ಮಾಡಿ ಫಲವನ್ನಷ್ಟೆ ತೋರಿಸುತ್ತದೆ. ಕೇಳುವ ಕೆಲಸವು ಈಗ ಪೂರ್ತಿಯಾಗಿ ಆಡುವವನ ಮೇಲೆಯೇ ಬಿದ್ದಿದೆ.

೭

ಕಲ್ಪಿತ ಲೋಕದ ಆಟಗಳಿಗಾದರೂ ಈ ದೋಷವು ತಗಲದೆಂದು ಕೆಲವರು ಹೇಳುತ್ತಾರೆ. ಅಲ್ಲಿ ಮಂತ್ರ, ಮಾಯೆ, ಭೂತ, ಬೇತಾಳ. ಸತ್ಯಾಸತ್ಯದ ಗೊಡವೆಯೆಲ್ಲಿ ಎಂದು ಅವರ ಪ್ರಶ್ನೆ. ಇದಕ್ಕೆ ಉತ್ತರವಾಗಿ ಮೊದಲು ಹೇಳಿದ 'ಡೊಮಿನಿಯನ್ಸ್' ಆಟವನ್ನೇ ನೋಡೋಣ. ಅದರಲ್ಲಿ ಲೋಕದ ನಾನಾ ಜನಾಂಗಗಳ ಪುರಾಣಗಳಿಂದ ಕಟ್ಟಿದ ರಾಷ್ಟ್ರಗಳಿವೆ. ನಮ್ಮಿಂದ ಹೋದವೂ ಇವೆ: ಕಪಿಗಳ ಕೈಲಾಸ, ರಾಕ್ಷಸರ ಲಂಕೆ, ನಾಗರ ಪಾತಾಳ. ಸಾವಿರ ಮೈಲಿಗಳಾಚೆಯ ಇಬ್ಬರು ಇಷ್ಟು ಶ್ರದ್ಧೆಯಿಂದ ನಮ್ಮ ಪುರಾಣಗಳನ್ನು ಹುಡುಕಿದ್ದು ಶ್ಲಾಘ್ಯವೇ. ಆದರೆ ನಡುವಣ ಯುಗದ ಕಪಿರಾಷ್ಟ್ರದ ಹೆಸರೇನು? 'ಬಂದರ್ ಲೋಗ್'. ಆ ಹೆಸರು ವಾಲ್ಮೀಕಿಯದಲ್ಲ; ೧೮೯೪ರಲ್ಲಿ ಕಿಪ್ಲಿಂಗನು ಬರೆದ 'ಜಂಗಲ್ ಬುಕ್' ಎಂಬ ಕಥೆಯ ಪುಸ್ತಕದ್ದು. ಅಲ್ಲಿಯ ಬಂದರ್ ಲೋಗ್ ಎಂದರೆ ಕಟ್ಟಿಲ್ಲದ, ನೆನಪಿಲ್ಲದ, ಹಿಡಿದ ಕೆಲಸವನ್ನು ಮುಗಿಸಲಾರದ ಮಂಗಗಳ ಹಿಂಡು. ರಾಮಾಯಣದ ವಾನರರಾದರೋ ರಾಜ್ಯವುಳ್ಳವರು, ಮಂತ್ರಿಗಳುಳ್ಳವರು. ಸೇತುವೆಯನ್ನು ಕಟ್ಟಿ ಮುಗಿಸಿದವರು. ಅವರ ಕಿಷ್ಕಿಂಧೆಯನ್ನು ಜನರು ಗುರುತಿಸುವುದು ಆನೆಗೊಂದಿ ಹಂಪೆಗಳ ಬಂಡೆಗಳ ನಡುವೆ. ಚರಿತ್ರೆಯ ಆಟದಲ್ಲಿ ವಿಜಯನಗರವಾಗಿ ಕಂಡ ನೆಲವೇ ಪುರಾಣದ ಆಟದಲ್ಲಿ ವಾನರರ ತವರಾಗಬೇಕಾಗಿತ್ತು. ಅಲ್ಲಿ ಕಾಲುವೆಯ ದಿಕ್ಕು, ಇಲ್ಲಿ ಒಂದು ಹೆಸರು, ಎರಡೂ ಬೇರೆಯವರ ಕಣ್ಣಿನಿಂದ ಬಂದವು.

ಇದರಿಂದ ಆ ಆಟವನ್ನು ಬಹಿಷ್ಕರಿಸಬೇಕೆಂದು ಯಾರಾದರೂ ಕೂಗೆಬ್ಬಿಸಿದರೆ ಅದನ್ನು ನಾವು ಮೊದಲು ವಿರೋಧಿಸುವೆವು. ಹೆಸರಿನ ಹಿಂದಿನ ಕಥೆಯನ್ನು ಬಲ್ಲ ಹುಡುಗಿಗೆ ಆಟವು ಇಮ್ಮಡಿ ರುಚಿಸುತ್ತದೆ. ಏಕೆಂದರೆ ಅವಳು ಒಂದೇ ವೇಳೆಯಲ್ಲಿ ವಾಲ್ಮೀಕಿಯನ್ನೂ ಕಿಪ್ಲಿಂಗನನ್ನೂ ಸ್ವೀಡನ್ನಿನ ಇಬ್ಬರನ್ನೂ ಓದುತ್ತಿದ್ದಾಳೆ. ಬಲ್ಲದವಳಿಗೆ ಕಿಷ್ಕಿಂಧೆಯೂ ಬಂದರ್ ಲೋಗೂ ಒಂದೇ ಆಗಿಬಿಡುತ್ತದೆ. ಕೆಡುಕು ಇರುವುದು ಅಲ್ಲಿ.

೮

ಇಷ್ಟನ್ನು ಕೇಳಿ ಒಬ್ಬ ಪೂರ್ವಪಕ್ಷಿಯು ಹೀಗೆನ್ನಬಹುದು: ನಿಯಮಗಳೆಲ್ಲ ಯಾರದೋ ಮತಗಳಾದರೆ, ಅಷ್ಟು ಕಷ್ಟಪಟ್ಟು ಅವನ್ನು ಕಲಿಯುವುದೇಕೆ? ನೇರವಾಗಿ ಒಳ್ಳೆಯ ಚರಿತ್ರೆಯ ಪುಸ್ತಕವನ್ನೇ ಓದಬಾರದೆ? ಓದಲಿ, ಓದಲೇಬೇಕು. ಆದರೆ ಪುಸ್ತಕವೂ ಒಂದು ಮತವೇ ಎಂಬುದನ್ನು ಆತನು ಮರೆಯಬಾರದು. ಪುಸ್ತಕದ ಮತವನ್ನು ಒಪ್ಪದಿದ್ದರೂ ಪರೀಕ್ಷೆಯಲ್ಲಿ ಬರೆದು ದಾಟಬಹುದು. ಆಟದ ಮತವನ್ನು ಅರಿಯದವನು ಮುಂದೆ ಹೋಗಲಾರನು. ಅದು ಪ್ರತಿ ಹೆಜ್ಜೆಯಲ್ಲಿಯೂ ಅವನನ್ನು ತಡೆದು ನಿಲ್ಲಿಸುತ್ತದೆ. ವ್ಯಾಪಾರವು ಪಡುವಣಕ್ಕೇ ಹರಿಯುವುದೆಂದು ಕಂಡುಹಿಡಿಯುವವನು ಅದನ್ನು ತಿರುಗಿಸಲು ಹತ್ತು ಸಾರಿ ಯತ್ನಿಸಿ ಸೋತವನೇ. ಮೊದಲ ಸೋಲಿಗೆ ಬಿಟ್ಟವನಿಗೂ ಗೈಡನ್ನು ನೋಡಿ ಗೆದ್ದವನಿಗೂ ಅದು ಕಾಣುವುದಿಲ್ಲ. ನಿಯಮವನ್ನು ಪೂರ್ತಿಯಾಗಿ ಕಲಿತವನಿಗಷ್ಟೆ ಅದರ ಅನ್ಯಾಯವನ್ನು ತೋರಿಸುವ ಅಧಿಕಾರ. ವ್ಯಾಕರಣವನ್ನು ಬಲ್ಲವನೇ ಕವಿಯ ಅಪಶಬ್ದವನ್ನು ಹಿಡಿಯಬಲ್ಲನಲ್ಲವೆ?

ಇದಕ್ಕೆ ಮನೆಗಳು ಮಾಡಬೇಕಾದದ್ದು ದೊಡ್ಡದಲ್ಲ. ಆಡುವ ಮಕ್ಕಳ ಪಕ್ಕದಲ್ಲಿ ವಾರಕ್ಕೊಮ್ಮೆ ಕುಳಿತು, ಗೆದ್ದೆಯಾ ಸೋತೆಯಾ ಎಂದು ಕೇಳುವ ಬದಲು, ಏಕೆ ಸೋತೆ, ಆ ನಿಯಮವು ಹಾಗೇಕಿದೆ, ನಿಜವಾಗಿ ಹಾಗೆ ನಡೆಯಿತೆ ಎಂದು ಕೇಳಲಿ. ಉತ್ತರವು ತಿಳಿಯದಿದ್ದರೆ ಇಬ್ಬರೂ ಕೂಡಿ ಪುಸ್ತಕವನ್ನು ತೆಗೆಯಲಿ. ಅಳತೆಯಿಲ್ಲದೆ ಆಡುವುದಕ್ಕೆ ಗದರಿಕೆಗಿಂತ ಇದೇ ಒಳ್ಳೆಯ ಮದ್ದೆಂದು ನಮ್ಮ ಮತಿಗೆ ತೋರುತ್ತದೆ; ಹೇಳಿ ತೋರಿಸಬೇಕಾದದ್ದನ್ನು ಯಾರೂ ಕಣ್ಣುಮುಚ್ಚಿಕೊಂಡು ಮಾಡಲಾರರು.

ನಮ್ಮಂಥ ಸಾಹಿತ್ಯಸಂಘಗಳಿಗೂ ಒಂದು ಕರ್ತವ್ಯವುಂಟು. ಈ ಆಟಗಳು ಯಾವುವೂ ಕನ್ನಡದಲ್ಲಿಲ್ಲ. ಅವುಗಳ ಕೈಪಿಡಿಗಳೂ ಇಲ್ಲ. ಅವನ್ನು ಕುರಿತ ವಿಮರ್ಶೆಯಾದರೂ ಕನ್ನಡದಲ್ಲ ಏಕಿರಬಾರದು? ಕಾದಂಬರಿಗೆ, ನಾಟಕಕ್ಕೆ, ಸಿನಿಮಾಕ್ಕೆ ನಾವು ಪುಟಗಳನ್ನು ಕೊಟ್ಟಿದ್ದೇವೆ. ನಮ್ಮ ಮಕ್ಕಳು ಪ್ರೌಢದೇವರಾಯನ ಹೆಸರನ್ನು ಮೊದಲು ಕೇಳುವುದು ಸ್ಟಾಕ್‌ಹೋಮಿನಲ್ಲಿ ಬರೆದ ಗ್ರಂಥವೊಂದರಿಂದ ಎಂದಾದರೆ, ಆ ಗ್ರಂಥದ ಗುಣದೋಷಗಳನ್ನು ಹೇಳಬೇಕಾದವರು ನಾವೇ. ಹೇಳುವುದಕ್ಕೆ ಮೊದಲು ಅದನ್ನು ಕಲಿಯಬೇಕು. ಅದು ಸುಲಭವಲ್ಲ. ಹಿರಿಯರಲ್ಲಿ ಯಾರಾದರೂ ಒಬ್ಬರು ಮನಸ್ಸುಮಾಡಿ ಆ ಐರ್ಲೆಂಡಿನ ಚಿಕ್ಕ ನಾಡಿನಲ್ಲಿ ಕುಳಿತು, ಮೂರು ಮಕ್ಕಳಿಗೆ ರಾಜ್ಯವು ಪಾಲಾಗುವುದನ್ನು ಕಣ್ಣಾರೆ ಕಂಡುಬರಲಿ. ಅನಂತರ ಅವರ ಆಕ್ಷೇಪಣೆಯನ್ನು ಕೇಳಲು ನಾವು ಸಿದ್ಧ.